ನಾಯಿಗೆ ಆಪರೇಷನ್ ಮಾಡಿಸಿದ ವರ್ಷ

ಮದುವೆಯಾಗಿ ಗಾವಡಗೆರೆ ಹತ್ತಿರದ ಹಳ್ಳಿಗೆ ಬರುವವರೆಗೆ ನಾನು ನಾಯಿ ಸಾಕಿದವಳಲ್ಲ. ನನ್ನ ತವರು ಕೆ.ಆರ್. ನಗರದ ಪೇಟೆಯೊಳಗೆ. ಗಂಡನ ಮನೆಯವರು ತಂಬಾಕು ಬೆಳೆಯುವ ಒಕ್ಕಲು ಮಕ್ಕಳು. ತಂಬಾಕಿನ ಸೊಪ್ಪನ್ನು ಬಿಸಿಗಾಳಿಯಲ್ಲಿ ಬೇಯಿಸುವ ಕಟ್ಟಡದ, ಅಂದರೆ ಬ್ಯಾರನ್ನಿನ ಮಗ್ಗುಲಲ್ಲಿ ಒಂದು ಕಂದು ಬಣ್ಣದ ಹೆಣ್ಣು ನಾಯಿ ಇತ್ತು. ಅದು ನಮ್ಮತ್ತೆಯವರ ನಾಯಿ. ಹೊಲಕ್ಕೆ ಹೋದರೆ ಅವರ ಸೆರಗಿನ ಹಿಂದೆಯೇ ಹೋಗುತ್ತಿತ್ತು. ತಾವು ಉಣ್ಣುವ ಮೊದಲು ಅದಕ್ಕೊಂದು ತುತ್ತು ಮುದ್ದೆ ಹಾಕದಿದ್ದರೆ ಅತ್ತೆಗೆ ಊಟ ಸೇರುತ್ತಿರಲಿಲ್ಲ.

ಅತ್ತೆ ಗಟ್ಟಿಯಾಗಿ ಮಾತಾಡಿದ್ದನ್ನೇ ನಾನು ಕೇಳಿರಲಿಲ್ಲ. ಮಗಳು ಹುಟ್ಟಿದ ಮೇಲೆ ಬಾಣಂತನ ಮಾಡಿದ್ದು ಅವರೇ. ಕೂಸಿಗೆ ನೀರು ಹಾಕುವ ಮೊದಲು ಮೊಣಕೈಯನ್ನು ಬಕೆಟ್ಟಿಗೆ ಅದ್ದಿ ಬಿಸಿ ನೋಡುತ್ತಿದ್ದರು. ಹೆಚ್ಚಾದರೆ ತಣ್ಣೀರು ಬೆರೆಸಿ ಇನ್ನೊಮ್ಮೆ ಅದ್ದುತ್ತಿದ್ದರು. ಅವರ ಕಾಲ ಮೇಲೆ ಮಲಗಿದರೆ ಮಗಳು ಅಳುತ್ತಲೇ ಇರಲಿಲ್ಲ.

ಮಗಳಿಗೆ ಹತ್ತು ತಿಂಗಳಾಗಿದ್ದಾಗ, ಚಳಿಗಾಲದಲ್ಲಿ, ನಾಯಿ ಐದು ಮರಿ ಹಾಕಿತು. ಸುದ್ದಿ ಹೇಳಿದವರೂ ಅತ್ತೆಯೇ. ಮಾರನೆಯ ಬೆಳಿಗ್ಗೆ ಹಾಲು ಕರೆಯುವ ಚೊಂಬು ತರಲು ಕೊಟ್ಟಿಗೆಗೆ ಹೋದೆ. ಅತ್ತೆ ಗೋಡೆಯ ಕಡೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂತಿದ್ದರು. ಎರಡೂ ಕೈ ಬಕೆಟ್ಟಿನೊಳಗಿದ್ದವು. ಏನೋ ತೊಳೆಯುತ್ತಿದ್ದಾರೆ ಅಂದುಕೊಂಡು ಹತ್ತಿರ ಹೋದೆ. ನೀರಿನಿಂದ ಸಣ್ಣಗೆ ಹಬೆ ಏಳುತ್ತಿತ್ತು. ಅವರ ಬೆರಳುಗಳ ಸಂದಿಯಲ್ಲಿ ಕಣ್ಣು ಬಿಡದ ಒಂದು ಮರಿಯ ತಲೆ ಕಂಡಿತು. ಪಕ್ಕದಲ್ಲಿ ಗೋಣಿ ತುಂಡಿನ ಮೇಲೆ ಇನ್ನೊಂದು ಆಗಲೇ ಮಲಗಿತ್ತು.

ಅತ್ತೆ ನನ್ನ ಕಾಲುಗಳನ್ನು ನೋಡಿದರು, ಮುಖ ನೋಡಲಿಲ್ಲ.

"ತಣ್ಣೀರಾದ್ರೆ ಬೆಚ್ಚಿ ಬೀಳ್ತವೆ ಕಣವ್ವ," ಅಂದರು. "ಅದ್ಕೇ ಬಿಸಿನೀರು ಬೆರ್ಸಿವ್ನಿ."

ನಾನು ಮನೆಯೊಳಕ್ಕೆ ಓಡಿ ಮಗಳನ್ನು ಎತ್ತಿಕೊಂಡು ಬಾಗಿಲು ಹಾಕಿಕೊಂಡೆ. ಗಂಡ ಬಂದು ಕೇಳಿದಾಗ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ನನಗೆ ಆದ ಎರಡನೆಯ ಆಘಾತ ಅದು. ಗಂಡು ಮರಿಯನ್ನು ಯಾರಾದರೂ ಕೇಳಿ ತೆಗೆದುಕೊಂಡು ಹೋಗುತ್ತಾರೆ, ಹೆಣ್ಣು ಮರಿ ಯಾರಿಗೂ ಬೇಡ, ಊರಾಚೆ ಬಿಟ್ಟು ಬಂದರೆ ಹಸಿದು ಸಾಯುತ್ತವೆ, ಅವ್ವನಿಗೆ ಅದನ್ನು ನೋಡಲಾಗುವುದಿಲ್ಲ ಎಂದರು. ಪ್ರತಿ ಸಲವೂ ಹೀಗೆಯೇ ಎಂದರು. ಹಿಂದಿನ ವರ್ಷದ ಮರಿಗಳೆಲ್ಲ ರಾವಂದೂರಿನ ನೆಂಟರ ಮನೆಗೆ ಹೋದವೆಂದು ನಾನು ನಂಬಿದ್ದೆ.

ಅಂದು ಮಗಳಿಗೆ ನಾನೇ ನೀರು ಹಾಕಿದೆ. ಮಾರನೆಯ ದಿನವೂ ನಾನೇ. ಅತ್ತೆ ಒಲೆ ಹಚ್ಚಿ ನೀರು ಕಾಯಿಸಿಟ್ಟು ಸುಮ್ಮನೆ ಹೊರಗೆ ಹೋಗುತ್ತಿದ್ದರು. ಯಾಕೆ ಎಂದು ಒಂದು ದಿನವೂ ಕೇಳಲಿಲ್ಲ.

ಕೆಲವು ದಿನ ಕಳೆದು, ಹಸುವಿಗೆ ಔಷಧಿ ತರಲು ಹುಣಸೂರಿಗೆ ಹೋದಾಗ, ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ಪ್ರಾಣಿಗಳನ್ನು ನೋಡುತ್ತಿದ್ದ ಒಬ್ಬ ವಯಸ್ಸಾದ ಡಾಕ್ಟರನ್ನು, ನಾಯಿ ಮರಿ ಹಾಕದಂತೆ ಮಾಡಲಾಗುವುದೇ ಎಂದು ವಿಚಾರಿಸಿದೆ. ಕೊಡಗಿನ ಎಸ್ಟೇಟಿನವರು ತಮ್ಮ ನಾಯಿಗಳಿಗೆ ಅವರ ಹತ್ತಿರವೇ ಆಪರೇಷನ್ ಮಾಡಿಸುತ್ತಿದ್ದರಂತೆ. ಹಳ್ಳಿಯಿಂದ ಕೇಳಿಕೊಂಡು ಬಂದವಳು ನಾನೇ ಮೊದಲನೆಯವಳು ಎಂದು ನಕ್ಕರು.

ಮನೆಗೆ ಬಂದು ಗೆದ್ದವಳ ಹಾಗೆ ವಿಷಯ ಹೇಳಿದೆ. ಅತ್ತೆಯ ಕೈಲಿದ್ದ ಮೊರ ಅಲ್ಲೇ ನಿಂತಿತು. ಕೊಟ್ಟಿಗೆಯಲ್ಲಿ ನನ್ನ ಮುಖ ಹೇಗಿತ್ತೋ ಈಗ ಅವರ ಮುಖ ಹಾಗೇ ಇತ್ತು.

"ಚೆನ್ನಾಗಿರೋ ಜೀವದ ಹೊಟ್ಟೆ ಕುಯ್ಸ್ತೀಯಾ?" ಎಂದರು. "ನಾನು ಮಾಡೋದು ಪಾಪ ಅಂತ ನಂಗೊತ್ತು ಕಣವ್ವ. ಅದು ನನ್ನ ತಲೆ ಮ್ಯಾಲದೆ. ನೀನು ಮಾಡೋದೂ ಪಾಪ ಅಂತ ನಿಂಗೊತ್ತಾ?"

ನಾನು ತಟ್ಟನೆ, ಕೊಲ್ಲುವುದಕ್ಕಿಂತ ಹುಟ್ಟದಂತೆ ಮಾಡುವುದು ಮೇಲಲ್ಲವೇ ಎಂದು ವಾದಿಸಿದೆ. ಅತ್ತೆ ಮತ್ತೆ ಕೇರತೊಡಗಿದರು. ಕೊನೆಗೆ ನಿಮ್ಮಿಷ್ಟ ಎಂದದ್ದೂ ನನ್ನ ಗಂಡನಿಗೆ, ನನಗಲ್ಲ.

ದಿನ ಮುಂದಕ್ಕೆ ಹೋಗುತ್ತಲೇ ಇತ್ತು. ಗಂಡ ಸಸಿ ನೆಡುವುದು ಮುಗಿಯಲಿ ಎಂದರು, ಆಮೇಲೆ ಬ್ಯಾರನ್ ಕೆಲಸ ಮುಗಿಯಲಿ ಎಂದರು. ದಸರಾ ಕಳೆದ ಮೇಲೆ ಒಂದು ಮಾರುತಿ ವ್ಯಾನ್ ಮಾಡಿಕೊಂಡು ನಾಯಿಯನ್ನು ಕರೆದುಕೊಂಡು ಹೊರಟೆವು. ಅತ್ತೆ ಬರಲಿಲ್ಲ. ವ್ಯಾನಿನೊಳಗೆ ನಾಯಿ ನನ್ನ ತೊಡೆಯ ಮೇಲೆ ತಲೆಯಿಟ್ಟು ದಾರಿಯುದ್ದಕ್ಕೂ ನಡುಗಿತು.

ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಸರಿ ಎಂದು, ಪ್ರಜ್ಞೆ ತಪ್ಪಿಸುವ ಇಂಜೆಕ್ಷನ್ ಕೊಟ್ಟರು. ನಾವು ಹೊರಗೆ ಬೆಂಚಿನ ಮೇಲೆ ಕೂತೆವು. ಸ್ವಲ್ಪ ಹೊತ್ತಿಗೆ ಬಾಗಿಲ ಬಳಿಯಿಂದ ನನ್ನನ್ನೇ ಕರೆದರು. ಗ್ಲೌಸು ಹಾಕಿದ ಕೈಗಳನ್ನು ಮೇಲಕ್ಕೆತ್ತಿಕೊಂಡು ನಿಂತಿದ್ದರು.

"ನೋಡಮ್ಮ, ಇದು ಗಬ್ಬ ಆಗ್ಬುಟ್ಟದೆ. ಐದು ಮರಿ. ಒಂದು ತಿಂಗಳಿರಬೌದು, ಮುಟ್ಟಿದಾಗ ಗೊತ್ತಾಗ್ಲಿಲ್ಲ. ಮುಂದಕ್ಕೆ ಮಾಡ್ಲಾ, ಹಂಗೇ ಹೊಲಿದುಬುಡ್ಲಾ? ಬೇಗ ಹೇಳಿ."

ಗಂಡ ನನ್ನ ಮುಖ ನೋಡಿದರು. ಹೊಲಿಸಿದರೆ ಇನ್ನೊಂದು ತಿಂಗಳಿಗೆ ಐದು ಮರಿ, ಅದರಲ್ಲಿ ಎರಡೋ ಮೂರೋ ಹೆಣ್ಣು, ಆಮೇಲೆ ಆ ಕೊಟ್ಟಿಗೆ. ಸಾಕಲು ಮನೆಗಳನ್ನು ಹುಡುಕಬಹುದಿತ್ತು ಎಂದು ಈಗ ಅನ್ನಿಸುತ್ತದೆ. ಆ ಕ್ಷಣದಲ್ಲಿ ಅದು ಹೊಳೆಯಲೇ ಇಲ್ಲ. ಮುಂದಕ್ಕೆ ಮಾಡಿ ಎಂದೆ. ಡಾಕ್ಟರು ಬಾಗಿಲು ಮುಚ್ಚಿದರು. ಅತ್ತೆಯಾದರೂ ತಾವೇ ಕೈ ಹಾಕಿದ್ದರು. ನಾನು ಬೆಂಚಿನ ಮೇಲೆ ಕೂತಲ್ಲಿಂದಲೇ ಹೇಳಿ ಮಾಡಿಸಿದ್ದೆ.

ಸಂಜೆ ಮನೆ ತಲುಪಿದಾಗ ಅತ್ತೆ ನಡುಮನೆಯಲ್ಲೇ ಗೋಣಿ ಹಾಸಿಟ್ಟಿದ್ದರು. ನಾಯಿಯನ್ನು ಅದರ ಮೇಲೆ ಮಲಗಿಸಿ, ಹೊಲಿಗೆ ನೆಕ್ಕದ ಹಾಗೆ ಹಳೆಯ ಸೀರೆಯ ತುಂಡು ಸುತ್ತಿದರು. ನಾನು ಪಕ್ಕದಲ್ಲಿ ಕೂತೆ. ಮುಚ್ಚಿಡಬಹುದಾಗಿತ್ತು, ಆಗಲಿಲ್ಲ. ಹೊಟ್ಟೆಯಲ್ಲಿ ಮರಿಗಳಿದ್ದವೆಂದು ಹೇಳಿದೆ.

"ಎಷ್ಟಿದ್ವು?"

"ಐದು."

ಅತ್ತೆ ನಾಯಿಯ ಕಿವಿ ಸವರಿದರು. ನೀನೂ ನನ್ನಂಥವಳೇ ಆದೆಯಲ್ಲ ಎಂಬ ಮಾತು ಬರುತ್ತದೆ ಎಂದು ಕಾದೆ. ಬರಲಿಲ್ಲ.

"ಅವ್ಕೆ ನೋವಾಯ್ತಾ?"

ಇಲ್ಲವೆಂದೆ. ನಿಜ ನನಗೂ ಗೊತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಮಗಳನ್ನು ಎತ್ತಿಕೊಂಡು ಹೋಗಿ ಅತ್ತೆಯ ಮಡಿಲಿಗೆ ಹಾಕಿದೆ. ಅಷ್ಟು ಹೊತ್ತಿಗೆ ಅವಳು ನಡೆಯುತ್ತಿದ್ದಳು, ಕಾಲ ಮೇಲೆ ಮಲಗುವ ವಯಸ್ಸು ಮೀರಿತ್ತು. ನಿಲ್ಲಿಸಿಕೊಂಡೇ ನೀರು ಹಾಕಿದರು.

ನಾಯಿ ಹತ್ತು ದಿನಕ್ಕೆ ಎದ್ದು ಓಡಾಡಿತು. ಆದರೆ ವ್ಯಾನಿನ ಸದ್ದು ಕೇಳಿದರೆ ಬ್ಯಾರನ್ನಿನ ಹಿಂದಕ್ಕೆ ಹೋಗಿ ಅಡಗುತ್ತಿತ್ತು, ನಾನು ಕರೆದರೂ ಬರುತ್ತಿರಲಿಲ್ಲ. ಇನ್ನೂ ಏಳೆಂಟು ವರ್ಷ ಬದುಕಿತು. ಆ ಕೊಟ್ಟಿಗೆಯಲ್ಲಿ ಮತ್ತೆ ಯಾರೂ ಬಕೆಟ್ ಇಡಲಿಲ್ಲ. ಓಣಿಯ ಎರಡು ಮನೆಯವರು ತಮ್ಮ ನಾಯಿಗೂ ಮಾಡಿಸಿಕೊಡಿ ಎಂದು ನನ್ನ ಹತ್ತಿರ ಬಂದರು. ಕರೆದುಕೊಂಡು ಹೋದೆ. ಮೊದಲೇ ಚೆನ್ನಾಗಿ ನೋಡಿ ಎಂದು ಡಾಕ್ಟರಿಗೆ ಮೂರು ಮೂರು ಸಲ ಹೇಳಿದೆ.

ಆಮೇಲೊಂದು ದಿನ ಸೊಪ್ಪು ಕಟ್ಟುತ್ತಾ ಕೂತಿದ್ದಾಗ, ಕಾಲ ಬಳಿ ಮಲಗಿದ್ದ ಮನೆಯ ಬೆಕ್ಕನ್ನು ನೋಡಿ ಅತ್ತೆ ತಾವಾಗಿಯೇ ಕೇಳಿದರು, "ಬೆಕ್ಕಿಗೂ ಮಾಡ್ತಾರಾ?"

ಮಾಡುತ್ತಾರೆ ಎಂದೆ.

"ಕರ್ಕೊಂಡೋಗು. ಈ ಸಲ ನಾನೂ ಬತ್ತೀನಿ," ಎಂದರು.