ಕಾಮಗೆರೆಗೆ ಬಂದರೆ ನಡುಗುವ ಗಾಡಿ

ಹನೂರಿನ ಪಕ್ಕದ ಹಳ್ಳಿಯಲ್ಲಿರುವ ನನ್ನ ಅಕ್ಕನಿಗೆ ಒಂದು ಹಳೆಯ ಡೀಸೆಲ್ ಪಿಕಪ್ ಇದೆ. ಊರಿನವರ ರೇಷ್ಮೆ ಗೂಡನ್ನು ಕೊಳ್ಳೇಗಾಲದ ಮಾರುಕಟ್ಟೆಗೆ ಒಯ್ಯುವುದು ಅವಳ ಕೆಲಸ. ಓಡಿಸುವವಳೂ ಅವಳೇ. ಕಳೆದ ಸುಗ್ಗಿಯಲ್ಲಿ ಆ ಗಾಡಿ ಕೈಕೊಡತೊಡಗಿತು. ಓಡುತ್ತಿರುವಾಗಲೇ ಎಂಜಿನ್ ಗಡಗಡ ನಡುಗುತ್ತಿತ್ತು. ಆರಿಸಿದರೆ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು.

ನಾನು ಯಳಂದೂರಿನಿಂದ ಅವಳ ಮನೆಗೆ ಹೋದ ಮಧ್ಯಾಹ್ನ ಅವಳಿಗೆ ಅದೇ ಚಿಂತೆ. ಮರುದಿನ ಬೆಳಿಗ್ಗೆ ಮೂರು ಮನೆಗಳ ಗೂಡು ಹೊರಡಬೇಕಿತ್ತು. ಚೀಲಕ್ಕೆ ತುಂಬಿದ ಗೂಡು ದಾರಿಯಲ್ಲಿ ನಿಂತುಬಿಟ್ಟರೆ ಒಳಗೊಳಗೇ ಬೆವರುತ್ತದೆ, ಬೆವರಿದ ಗೂಡಿನ ನೂಲು ಸರಿಯಾಗಿ ಬಿಚ್ಚುವುದಿಲ್ಲ. ನಿದ್ದೆಗೆಟ್ಟು ಹುಳು ಸಾಕಿದವರ ಬೆಳೆ ರಸ್ತೆಯಲ್ಲೇ ಹಾಳಾಗುತ್ತದೆ.

ಹನೂರಿನ ಮೆಕ್ಯಾನಿಕ್ ಬ್ಯಾಟರಿ ನೋಡಿದ್ದ, ಡೀಸೆಲ್ ಫಿಲ್ಟರ್ ಬದಲಿಸಿದ್ದ. ಇಷ್ಟಕ್ಕೂ ಸರಿಹೋಗದಿದ್ದರೆ ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬಿಚ್ಚಬೇಕು, ಗಾಡಿ ಶೆಡ್ಡಿನಲ್ಲಿ ಬಿಡಿ ಎಂದಿದ್ದ. ಅವನ ಅನುಮಾನದಲ್ಲಿ ತಪ್ಪೇನೂ ಇರಲಿಲ್ಲ. ಅಕ್ಕ ಒಪ್ಪಲೂ ಇಲ್ಲ, ತಳ್ಳಿಹಾಕಲೂ ಇಲ್ಲ. ಗಾಡಿ ಯಾವಾಗ ಕೆಡುತ್ತದೆ ಎಂದು ಮೊದಲು ನೋಡುತ್ತೇನೆ ಎಂದು ಹೇಳಿ ಬಂದಿದ್ದಳು. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿದ್ದದ್ದು ಕಾಮಗೆರೆ ಬರುವ ಹೊತ್ತಿಗೆ ನಡುಗುತ್ತಿತ್ತು. ಬಹಳ ಹೊತ್ತು ನಿಲ್ಲಿಸಿದರೆ ಮತ್ತೆ ನೆಟ್ಟಗಾಗುತ್ತಿತ್ತು.

"ಇಂಜೆಕ್ಟರ್ ಓಗಿದ್ರೆ ಬೆಳಿಗ್ಗೆಯೂ ಓಗಿರ್ಬೇಕಲ್ಲ? ಇದು ದಾರೀಲಿ ಏನೋ ಆಯ್ತಾದೆ ಕಣ್ಲಾ," ಎಂದಳು.

ಇಬ್ಬರೂ ಕಾಮಗೆರೆಗೆ ಹೊರಟೆವು. ಊರು ಹತ್ತಿರವಾಗುತ್ತಿದ್ದಂತೆ ಗಾಡಿ ಅವಳು ಹೇಳಿದ ಹಾಗೆಯೇ ನಡುಗಿತು. ಪಕ್ಕಕ್ಕೆ ನಿಲ್ಲಿಸಿದಳು, ಎಂಜಿನ್ ತಾನಾಗಿಯೇ ಆರಿತು. ಅವಳು ಎಂಜಿನ್ನಿನಿಂದ ಹಿಂದಕ್ಕೆ, ಡೀಸೆಲ್ ಪೈಪ್ ಹೋದ ದಾರಿಯಲ್ಲೇ, ಬಗ್ಗಿ ನೋಡುತ್ತಾ ಟ್ಯಾಂಕಿನವರೆಗೆ ಬಂದಳು. ಟ್ಯಾಂಕಿನ ಮುಚ್ಚಳಕ್ಕೆ ದಪ್ಪ ಪ್ಲಾಸ್ಟಿಕ್ ಸುತ್ತಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯಲಾಗಿತ್ತು. ಬಿಚ್ಚಿ ಮುಚ್ಚಳ ತಿರುಗಿಸಿದಾಗ ಉಸ್ಸೆಂದು ಗಾಳಿ ಒಳಗೆ ನುಗ್ಗಿತು.

ಡೀಸೆಲ್ ಖಾಲಿಯಾದಷ್ಟೂ ಟ್ಯಾಂಕಿಗೆ ಗಾಳಿ ಬರಬೇಕು. ಅದಕ್ಕೆಂದೇ ಮುಚ್ಚಳದಲ್ಲಿ ಸಣ್ಣ ತೂತು ಇರುತ್ತದೆ. ಅದು ಮುಚ್ಚಿಹೋಗಿ, ಎಂಜಿನ್ ಎಳೆದರೂ ಡೀಸೆಲ್ ಬರುತ್ತಿರಲಿಲ್ಲ; ಬಹಳ ಹೊತ್ತು ನಿಂತರೆ ಕಟ್ಟಿನ ಸಂದಿಯಿಂದ ಗಾಳಿ ನಿಧಾನಕ್ಕೆ ನುಸುಳಿ ಸರಿಹೋಗುತ್ತಿತ್ತು. ಪಟ್ಟಿ ಕಟ್ಟಿದ್ದು ಪಕ್ಕದ ಮನೆಯ ಹಿರಿಯರು. ನಮ್ಮ ಕಡೆ ಹುರುಳಿಯನ್ನು ಟಾರು ರಸ್ತೆಗೆ ಹರಡಿ, ಮೇಲೆ ಗಾಡಿ ಓಡಿಸಿ ಒಕ್ಕುತ್ತಾರೆ. ಆ ವರ್ಷ ಅವರ ಹುರುಳಿಯ ಮೇಲೆ ಅಕ್ಕನ ಪಿಕಪ್ ಓಡಿತ್ತು. ಹೊಟ್ಟು, ಧೂಳು ಟ್ಯಾಂಕಿಗೆ ಹೋದೀತೆಂದು ಅವರೇ ಜೋಪಾನ ಮಾಡಿದ್ದರು; ಡೀಸೆಲ್ ಹಾಕಿಸಿದಾಗಲೆಲ್ಲ ಅಕ್ಕನೂ ಅದನ್ನು ಹಾಗೆಯೇ ಮತ್ತೆ ಕಟ್ಟುತ್ತಿದ್ದಳು.

ಗಾಡಿ ಸ್ಟಾರ್ಟ್ ಆಯಿತು, ನಡುಕ ನಿಂತಿತು. ನಾನು ಹತ್ತಿ ಕೂತೆ. ಅಕ್ಕ ಕೆಳಗೇ ನಿಂತು ಅದೇ ಪ್ಲಾಸ್ಟಿಕ್ಕನ್ನು ಮುಚ್ಚಳಕ್ಕೆ ಮತ್ತೆ ಸುತ್ತಿ, ಪಟ್ಟಿ ಬಿಗಿಯುತ್ತಿದ್ದಳು. ಕಾರಣ ಸಿಕ್ಕಿತಲ್ಲ, ಇನ್ನೇಕೆ ಕಟ್ಟುವುದು ಎಂದು ಕೇಳಿದೆ.

"ಒಂದ್ಸಲ ಸರಿಯಾದ್ರೆ ಸರಿಯಾದಂಗಲ್ಲ. ಕಟ್ಟಿದ್ರೆ ಕೆಡ್ಬೇಕು, ಬಿಚ್ಚಿದ್ರೆ ಸರಿ ಓಗ್ಬೇಕು. ಗೂಡು ನಂದಲ್ಲ ಕಣ್ಲಾ."

ಖಚಿತಪಡಿಸಿಕೊಳ್ಳುವುದೇ ಕೆಲಸವಾದ ಕಚೇರಿಯಲ್ಲಿ ವರ್ಷಗಟ್ಟಲೆ ಕೂತಿದ್ದೇನೆ. ತನಗೆ ಸಿಕ್ಕ ಉತ್ತರವನ್ನು ತಾನೇ ಹೀಗೆ ಕೆಡವಿ ನೋಡುವವರನ್ನು ಹೆಚ್ಚು ಕಂಡಿಲ್ಲ. ವಾಪಸ್ ಬರುವಾಗ ಅಕ್ಕನ ಹಳ್ಳಿಯ ಹತ್ತಿರ ಗಾಡಿ ಮತ್ತೆ ನಡುಗಿತು. ಅಕ್ಕ ಇಳಿದು ಪಟ್ಟಿ ಬಿಚ್ಚಿದಳು, ನಡುಕ ನಿಂತಿತು. ಆಗಲೇ ಅವಳು ನಕ್ಕಿದ್ದು.

ಹಿರಿಯರು ಜಗಲಿಯಲ್ಲಿದ್ದರು. ಅಕ್ಕ ಪ್ಲಾಸ್ಟಿಕ್ ತೋರಿಸಿ, "ಏನ್ ಮಾವ, ನನ್ ಗಾಡಿ ಮೂಗು ಮುಚ್ಬುಟ್ಟಿದ್ಯಲ್ಲ," ಎಂದಳು.

"ಧೂಳು ಓಯ್ತದೆ ಅಂತ ಕಟ್ದೆ ಕಣವ್ವ. ಅದೂ ಉಸ್ರಾಡ್ತದೆ ಅಂತ ನಂಗೇನ್ ಗೊತ್ತು?"

ಫೋನಿನಲ್ಲಿ ಮೆಕ್ಯಾನಿಕ್ ಕೂಡ ನಕ್ಕನಂತೆ. ಆ ಕಟ್ಟು ಅವನ ಕಣ್ಣಿಗೂ ಬಿದ್ದಿತ್ತು. ಒಳ್ಳೆ ಜೋಪಾನ ಅಂದುಕೊಂಡು ಸುಮ್ಮನಾಗಿದ್ದನಂತೆ.

ಮರುದಿನ ಬೆಳಿಗ್ಗೆ ಮೂರು ಮನೆಯ ಚೀಲಗಳು ಹತ್ತಿದವು, ಜೊತೆಗೆ ನಾನೂ ಆ ಹಿರಿಯರೂ. ಆ ಮೂರರಲ್ಲಿ ಒಂದು ಮನೆಯ ಗೂಡು ಅವರದೇ. ಕಾಮಗೆರೆ ದಾಟಿದ್ದು ಗೊತ್ತಾಗಲಿಲ್ಲ. ಕೊಳ್ಳೇಗಾಲದ ಮಾರುಕಟ್ಟೆಯ ಮುಂದೆ ಸಾಲು ನಿಂತಿತ್ತು. ಅಕ್ಕ ಎಂಜಿನ್ ಆರಿಸಿದಳು; ಸಾಲು ಸರಿದಾಗ ಕೀಲಿ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಯಿತು. ಹಿರಿಯರು ಅಲ್ಲೇ ಒಂದು ಚೀಲದ ಬಾಯಿ ಬಿಚ್ಚಿ, ಮೊಣಕೈವರೆಗೂ ಒಳಗೆ ತೂರಿಸಿ, ಕೈ ಹೊರಗೆ ತೆಗೆದು ಕೆನ್ನೆಗೆ ಒತ್ತಿಕೊಂಡರು.

"ಬೆವ್ರಿಲ್ಲ ಕಣವ್ವ," ಎಂದರು.