ಗೋಡೆಯ ಮೇಲಿನ ಮೂವತ್ತಾರು ದೇಶ

ಬಸಲಿಂಗಪ್ಪ ದಿನಾ ಬೆಳಿಗ್ಗೆ ಚಹಾಕ್ಕೂ ಮುಂಚೆ ಪರೀಕ್ಷೆಗೆ ಕೂರುತ್ತಾನೆ. ಅರವತ್ತೆಂಟರ ವಯಸ್ಸಿನಲ್ಲಿ ಇದೆಂಥ ಪರೀಕ್ಷೆ ಎಂದು ಚಂದಾಪುರದ ಆ ಓಣಿಯವರು ನಗುತ್ತಾರೆ. ನಗಲಿ. ಅವನ ಬಾಡಿಗೆ ಮನೆಯ ಗೋಡೆಯ ಉದ್ದಕ್ಕೂ ಒಂದು ಲೋಕದ ಭೂಪಟ ತೂಗುತ್ತದೆ. ದೇಶಗಳ ಹೆಸರಿನ ಮೇಲೆಲ್ಲ ಕಾಗದದ ಚೂರು ಅಂಟಿಸಿ, ಚೂರಿನ ಮೇಲೆ ಒಂದೊಂದು ಅಂಕಿ ಬರೆದಿದ್ದಾನೆ. ನೋಟುಬುಕ್ಕಿನಲ್ಲಿ ಒಂದರಿಂದ ನೂರ ತೊಂಬತ್ತೈದರವರೆಗೆ ಅಂಕಿ ಹಾಕಿಕೊಂಡು, ಎದುರಿಗೆ ದೇಶದ ಹೆಸರು ಬರೆಯಬೇಕು. ಬರೆದಾದ ಮೇಲೆ ಪಟ್ಟಿ ತೆಗೆದು ತಾಳೆ ನೋಡಬೇಕು. ಪ್ರಶ್ನೆ ಹಾಕುವವನೂ ಅವನೇ, ಉತ್ತರ ಬರೆಯುವವನೂ ಅವನೇ. ತಪ್ಪಾದರೆ ತನ್ನನ್ನು ತಾನೇ ಬೈದುಕೊಳ್ಳುವುದರಲ್ಲೂ ಕಂಜೂಸಿ ಇಲ್ಲ.

"ಎಷ್ಟ ಬಂದುವು ಇವತ್ತ?" ಎಂದು ರುದ್ರಮ್ಮ ಒಲೆಯ ಕಡೆಯಿಂದಲೇ ಕೇಳಿದಳು.

"ನೂರಾ ತೊಂಬತ್ತೊಂದು."

"ಆ ನಾಕು ಮತ್ತ ತಪ್ಪಿಸ್ಕೊಂಡುವೇನು?"

"ಸಮುದ್ರದಾಗ ಸಾಸಿವಿಕಾಳು ಚೆಲ್ಲಿದಂಗ ಬಿದ್ದಾವ. ಒಂದು ಹಿಡದ್ರ ಇನ್ನೊಂದು ಜಾರ್ತೈತಿ."

"ಜಾರ್ಲಿ ಬಿಡ್ರಿ. ನೀವೇನು ಅಲ್ಲಿ ಹೊಲಾ ಹಿಡೀಬೇಕಾಗೇತೇನು? ಚಾ ಆರಾಕತ್ತೈತಿ."

ಅವನು ಶಾಲೆಯಲ್ಲಿ ಮೂರನೇ ಇಯತ್ತೆ ದಾಟಿದವನಲ್ಲ. ಮೂವತ್ತೆರಡು ವರ್ಷದ ಹಿಂದೆ ಕುಷ್ಟಗಿ ಕಡೆಯ ಬಡಗಿಗಳ ಜೊತೆ ಇತ್ತ ಬಂದು, ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಮರದ ಪೆಟ್ಟಿಗೆ ಬಡಿಯುವ ಕೆಲಸಕ್ಕೆ ನಿಂತ. ಯಂತ್ರದ ಭಾಗಗಳು ಹಡಗು ಹತ್ತಿ ಪರದೇಶಕ್ಕೆ ಹೋಗುವ ಪೆಟ್ಟಿಗೆಗಳು ಅವು. ಕೈ ನೇರವಾಗಿದೆ ಎಂದು ಕಂಡ ಸೂಪರ್‌ವೈಸರ್ ಎರಡೇ ವರ್ಷದಲ್ಲಿ ಸುತ್ತಿಗೆ ಬಿಡಿಸಿ ಕುಂಚ ಕೊಟ್ಟ. ಅಲ್ಲಿಂದ ಇಪ್ಪತ್ತಾರು ವರ್ಷ ಅವನ ಕೆಲಸ ಒಂದೇ. ತಗಡಿನಲ್ಲಿ ಅಕ್ಷರ ಕೊರೆಯುವುದು, ತಗಡನ್ನು ಪೆಟ್ಟಿಗೆಯ ಮೇಲಿಟ್ಟು ಕಪ್ಪು ಬಣ್ಣ ಉಜ್ಜುವುದು, ಪೆಟ್ಟಿಗೆ ಇಳಿಯಬೇಕಾದ ಜಾಗದ ಹೆಸರನ್ನು ದೂರದಿಂದ ಓದುವಂತೆ ಮೂಡಿಸುವುದು. ಇಂಗ್ಲಿಷಿನ ಅಕ್ಷರಗಳನ್ನು ಅವನು ಕಲಿತದ್ದು ಹಾಗೆ, ಕೊರೆದು ಕೊರೆದು. ರಾಟರ್‌ಡ್ಯಾಮ್, ಹ್ಯಾಂಬರ್ಗ್, ಬ್ರೆಮೆನ್, ಡರ್ಬನ್, ಸ್ಯಾಂಟೋಸ್, ಬುಸಾನ್, ಜೆಬೆಲ್ ಅಲಿ. ಪೆಟ್ಟಿಗೆ ಹೋಗುವ ಜಾಗ ಎಂದರೆ ದೇಶವೇ ಇರಬೇಕು ಎಂದು ಅವನು ತಿಳಿದಿದ್ದ. ಅಲ್ಲ ಎನ್ನುವವರು ಆ ಶೆಡ್ಡಿನಲ್ಲಿ ಯಾರೂ ಇರಲಿಲ್ಲ.

ಆ ತಿಳಿವಳಿಕೆಯೇ ಮುಂದೆ ಅವನ ಕೊರಳಿಗೆ ಬಿತ್ತು.

ಚಂದಾಪುರದಲ್ಲಿ ಮೌನದೀಪ ಬಳಗ ಎಂದೊಂದು ಇದೆ. ಗುರುವಾರ ಸಂಜೆ ತಗಡಿನ ಚಾವಣಿಯ ಮಂದಿರದಲ್ಲಿ ಸೇರಿ, ಒಂದು ದೊಡ್ಡ ದೀಪದ ಸುತ್ತ ಕುಳಿತು ಹಾಡುತ್ತಾರೆ. ಬಲಗೈಗೆ ನೀಲಿ ದಾರ ಕಟ್ಟಿಕೊಳ್ಳುತ್ತಾರೆ. ಊರು ಬಿಟ್ಟು ಬಂದವರಿಗೆ ಅದೊಂದು ನೆರಳು. ಬಸಲಿಂಗಪ್ಪನೂ ರುದ್ರಮ್ಮನೂ ಅಲ್ಲಿ ಹದಿನಾಲ್ಕು ವರ್ಷ ಕಾಲು ಮಡಚಿ ಕುಳಿತವರು. ದಾಸೋಹದ ದಿನ ರುದ್ರಮ್ಮ ಬಡಿದ ಜೋಳದ ರೊಟ್ಟಿಗೆ ಬೆಂಗಳೂರಿನವರು ಸಾಲು ನಿಲ್ಲುತ್ತಿದ್ದರು. ಮಂದಿರಕ್ಕೆ ಹೊಸ ಗೋಡೆ ಎದ್ದ ವರ್ಷ ಬಳಗದ ಹಿರಿಯರು ಅವನನ್ನು ಕರೆದು, "ನೀವು ಪರದೇಶದ ಹೆಸರೆಲ್ಲ ಬಲ್ಲವರು. ಲೋಕದ ದೇಶಗಳ ಹೆಸರು ಬರೀರಿ, ನಾವು ದೀಪ ಹಚ್ಚೋವಾಗ ಎಲ್ಲರಿಗೂ ಒಳ್ಳೇದಾಗ್ಲಿ ಅಂತ ಬೇಡ್ಕೋತೀವಿ" ಎಂದರು. ಅವನ ಎದೆ ಎರಡು ಗೇಣು ಅಗಲವಾಯಿತು. ನಾಲ್ಕು ಭಾನುವಾರ ಏಣಿ ಹತ್ತಿ ಮೂವತ್ತಾರು ಹೆಸರು ಬರೆದ. ಜಪಾನ್, ಬ್ರೆಜಿಲ್ ಬರೆದಂತೆಯೇ ರಾಟರ್‌ಡ್ಯಾಮನ್ನೂ ಬುಸಾನನ್ನೂ ಬರೆದ.

ಆ ಹಿರಿಯರು ತೀರಿಹೋದರು. ಹೊಸೂರು ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ನರೇಶ್ ಮುಂದಾಳಾದ. ಬಳಗದ ಕರಪತ್ರದಲ್ಲಿ ಒಂದು ವರ್ಷ ಹೊಸ ಸಾಲು ಬಂತು: ಮೂವತ್ತಾರು ದೇಶಗಳಲ್ಲಿ ನಮ್ಮ ಬಳಗದ ದೀಪ ಉರಿಯುತ್ತಿದೆ. ಕೆಳಗೆ ಗೋಡೆಯ ಚಿತ್ರ. ಹೊಸದಾಗಿ ಸೇರುವವರು ಆ ಗೋಡೆ ನೋಡಿಯೇ ದಾರ ಕಟ್ಟಿಸಿಕೊಳ್ಳತೊಡಗಿದರು.

ನಕ್ಕುಬಿಡಬಹುದಿತ್ತು. ಆದರೆ ಆ ಸಾಲನ್ನು ಎಲ್ಲರಿಗಿಂತ ಮೊದಲು ನಂಬಿದವನು ಬಸಲಿಂಗಪ್ಪನೇ. ತಾನು ಬೇಡಿಕೊಂಡದ್ದು ಫಲಿಸಿತು ಎಂದುಕೊಂಡ. ಅಂದಿನಿಂದ ತಾನು ಬರೆದ ಪ್ರತಿ ಪೆಟ್ಟಿಗೆಯ ಕೆಳಮೂಲೆಯಲ್ಲಿ ಹೆಬ್ಬೆರಳಿನಷ್ಟು ಒಂದು ದೀಪ ಬಿಡಿಸುತ್ತಿದ್ದ. ಅತ್ತ ಪೆಟ್ಟಿಗೆ ಬಿಚ್ಚುವ ನೀಲಿ ದಾರದವನು ಅದನ್ನು ಕಂಡು, ಓಹೋ, ಇತ್ತ ನಮ್ಮವನೊಬ್ಬನಿದ್ದಾನೆ ಎಂದುಕೊಳ್ಳಲಿ ಎಂದು. ಏಳು ವರ್ಷ ಬಿಡಿಸಿದ. ರಾತ್ರಿ ಊಟಕ್ಕೆ ಕುಳಿತಾಗ, "ಇಷ್ಟೊತ್ತಿಗೆ ಹಡಗ ಮುಟ್ಟಿರಬೇಕು ನೋಡು" ಎಂದು ರುದ್ರಮ್ಮನಿಗೆ ಹೇಳುತ್ತಿದ್ದ. ಅವಳು ಹೂಂ ಅನ್ನುತ್ತಿದ್ದಳು.

ನಾಲ್ಕು ವರ್ಷದ ಹಿಂದೆ ಕಾರ್ಖಾನೆಗೆ ಸ್ಟಿಕ್ಕರ್ ಬಂತು, ಕುಂಚಕ್ಕೆ ಕೆಲಸ ಇಲ್ಲವಾಯಿತು. ಅವನು ನಿವೃತ್ತನಾದ ದಿನ ಶಿಪ್ಪಿಂಗ್ ವಿಭಾಗದ ಹೇಮಲತಾ ಮೇಡಂ, "ಇಷ್ಟು ವರ್ಷ ಲೋಕಾನೆಲ್ಲ ಬರ್ದಿದೀರ, ಒಂದ್ಸಲ ನೋಡಿ" ಎಂದು ಆಫೀಸಿನ ಹಳೆಯ ಭೂಪಟವನ್ನು ಸುತ್ತಿ ಕೊಟ್ಟಳು. ಮನೆಗೆ ತಂದು ಹಾಸಿ ರಾಟರ್‌ಡ್ಯಾಮ್ ದೇಶ ಹುಡುಕಿದ. ಸಿಗಲಿಲ್ಲ. ಕನ್ನಡಕ ಒರೆಸಿಕೊಂಡು ಹುಡುಕಿದ. ಮೂರನೇ ದಿನ ನೆದರ್‌ಲ್ಯಾಂಡ್ಸ್ ಎಂಬ ಪುಟ್ಟ ದೇಶದ ಅಂಚಿನಲ್ಲಿ, ನೀರಿನ ಪಕ್ಕ, ಇರುವೆ ಸಾಲಿನಂಥ ಅಕ್ಷರದಲ್ಲಿ ಕಂಡಿತು. ಹ್ಯಾಂಬರ್ಗ್, ಬ್ರೆಮೆನ್ ಎರಡೂ ಒಂದೇ ಜರ್ಮನಿಯ ಊರುಗಳು. ಮೂವತ್ತಾರರಲ್ಲಿ ಹದಿನೇಳು ದೇಶಗಳೇ ಅಲ್ಲ, ಬಂದರುಗಳು. ತನ್ನ ಪೆಟ್ಟಿಗೆಯ ವಿಳಾಸಗಳನ್ನೇ ಬಳಗದವರು ಭಕ್ತರ ವಿಳಾಸ ಮಾಡಿಕೊಂಡಿದ್ದರು. ಅವನ ಏಳು ವರ್ಷದ ದೀಪಗಳನ್ನು ಅತ್ತ ಗುರುತು ಹಿಡಿಯುವವರು ಯಾರೂ ಇರಲಿಲ್ಲ.

ಎರಡು ವರ್ಷ ಅದನ್ನು ಒಳಗೇ ಇಟ್ಟುಕೊಂಡು ಭೂಪಟ ಕಲಿತ. ಅರೆಬರೆ ತಿಳಿದು ಒಮ್ಮೆ ಕೆಟ್ಟಿದ್ದಾಗಿತ್ತು. ಈ ಸಲ ಪೂರ್ತಿ ತಿಳಿದೇ ಬಾಯಿ ತೆರೆಯಬೇಕು. ಆಮೇಲೊಂದು ಗುರುವಾರ ಎದ್ದುನಿಂತು, "ಬ್ರೆಮೆನ್‌ನಾಗ ನಮ್ಮೋರು ಯಾರದಾರ? ಒಂದೇ ಒಂದು ಹೆಸರು ಹೇಳ್ರಿ ಸಾಕು" ಎಂದು ಕೇಳಿದ. ನರೇಶ್ ಹೆಸರು ಹೇಳಲಿಲ್ಲ. ಬಳಗದ ಪದ್ಧತಿ ಹೇಳಿದ: ಸಂಶಯ ಬಂದವರು ಒಂಬತ್ತು ಗುರುವಾರ ಹಿಂದಿನ ಸಾಲಿನಲ್ಲಿ ಬಾಯಿ ಮುಚ್ಚಿ ಕೂರಬೇಕು. ಬಸಲಿಂಗಪ್ಪ ಹಲ್ಲಿನಿಂದ ದಾರದ ಗಂಟು ಬಿಚ್ಚಿ, ಬಾಗಿಲ ಮೊಳೆಗೆ ಸಿಕ್ಕಿಸಿ, ಚಪ್ಪಲಿ ಮೆಟ್ಟಿ ಮನೆಗೆ ಬಂದ. ಬಿಟ್ಟುಹೋದವರ ಮನೆಯ ನೀರನ್ನು ಬಳಗದವರು ಮುಟ್ಟುವುದಿಲ್ಲ. ರುದ್ರಮ್ಮ ಮಾತ್ರ ಒಬ್ಬಳೇ ಹೋಗಿ ಬರುತ್ತಿದ್ದಳು. ಅವಳ ರೊಟ್ಟಿ ಬೇಕಿತ್ತಲ್ಲ, ಅದಕ್ಕೆ ಯಾರೂ ತಡೆಯಲಿಲ್ಲ.

ನೂರ ತೊಂಬತ್ತೊಂದು ಬಂದ ಆ ದಿನ ಚಹಾ ಕುಡಿದು ಲೋಟ ಇಡುವಷ್ಟರಲ್ಲಿ ಬಾಗಿಲಲ್ಲಿ ನರೇಶ್ ನಿಂತಿದ್ದ. ಕೈಯಲ್ಲಿ ಒಂದು ಡಬ್ಬಿ ನೀಲಿ ಬಣ್ಣ, ಮೂರು ಹೊಸ ಕುಂಚ.

"ಚೆನ್ನಾಗಿದೀರಾ ಬಸಲಿಂಗಪ್ಪನೋರೆ? ಬರೋ ಗುರುವಾರ ಬಳಗಕ್ಕೆ ಇಪ್ಪತ್ತೈದು ವರ್ಷ ಆಗುತ್ತೆ. ಗೋಡೆ ಅಕ್ಷರ ಎಲ್ಲ ಮಾಸೋಗಿದೆ. ನಿಮ್ಮ ಕೈ ಥರ ಇನ್ನೊಬ್ರ ಕೈಲಿ ಬರಲ್ಲ ಕಣ್ರೀ."

ರುದ್ರಮ್ಮ ಒಂದು ಚೊಂಬು ನೀರು ತಂದಿಟ್ಟಳು. ನರೇಶ್ ಚೊಂಬಿನ ಕಡೆ ನೋಡಿದ, ಕೈ ಚಾಚಲಿಲ್ಲ.

"ಮೊದಲು ನೀರ ಕುಡೀರಿ. ಬಿಸಲಾಗ ಬಂದೀರಿ" ಎಂದ ಬಸಲಿಂಗಪ್ಪ, ಬೇಕೆಂದೇ.

"ಇರ್ಲಿ, ಆಗಿದೆ. ನೋಡಿ, ಹಳೇದೆಲ್ಲ ಬಿಟ್ಬಿಡೋಣ. ಒಂಬತ್ತು ವಾರ ಬೇಡ, ಒಂದೇ ಗುರುವಾರ ಹಿಂದಿನ ಸಾಲಲ್ಲಿ ಕೂತ್ಬಿಡಿ. ಆಮೇಲೆ ನೀವು ನಮ್ಮೋರೇ. ಇಲ್ಲಾಂದ್ರೆ," ನರೇಶ್ ಸ್ವಲ್ಪ ದನಿ ತಗ್ಗಿಸಿದ, "ಅಮ್ಮನೋರು ಅಡುಗೆಮನೆಗೆ ಬರೋದು ಕಷ್ಟ ಆಗುತ್ತೆ. ಜನ ಮಾತಾಡ್ತಾರೆ. ನಾನೊಬ್ಬ ಎಷ್ಟೂಂತ ತಡೀಲಿ?"

ಬಸಲಿಂಗಪ್ಪ ಭೂಪಟದ ಕಡೆ ಬೆರಳು ತೋರಿಸಿದ. "ಬುಸಾನ್ ಎಲ್ಲೈತಿ ತೋರಸ್ರಿ."

"ಏನು?"

"ನಿಮ್ಮ ದೀಪ ಉರಿಯೋ ದೇಶ. ಕರಪತ್ರದಾಗ ಹಾಕೀರಲ್ಲ. ಬೆರಳಿಟ್ಟು ತೋರಸ್ರಿ, ಈಗಿಂದೀಗ ಏಣಿ ತರ್ತೀನಿ."

ನರೇಶ್ ಭೂಪಟದ ಹತ್ತಿರ ಹೋದ. ಅವನ ಬೆರಳು ಆಫ್ರಿಕಾದ ಮೇಲೆ ಸ್ವಲ್ಪ ತಿರುಗಾಡಿತು, ಸಮುದ್ರ ದಾಟಿತು, ಹಿಂದಕ್ಕೆ ಬಂತು. "ಇದೆಲ್ಲ ನಂಬಿಕೆ ವಿಷಯ. ಶಾಲೆ ಪರೀಕ್ಷೆ ಅಲ್ಲ" ಎಂದ.

"ನಂಬಿಕೆ ನಂದೂ ಐತ್ರಿ. ದಿನಾ ದೀಪ ಹಚ್ತೀನಿ, ಹಣಿಮ್ಯಾಲ ವಿಭೂತಿ ಐತಿ. ಆದ್ರ ಆ ಗ್ವಾಡಿಮ್ಯಾಲ ಇರೋದು ನನ್ನ ಅಕ್ಷರ. ಬರತೀನಿ. ಬಂದು ತಿದ್ತೀನಿ. ಇದ್ದದ್ದ ಇದ್ದಂಗ ಉಳಿಸಿ ಮ್ಯಾಲ ಬಣ್ಣ ಹಚ್ಚಂಗಿಲ್ಲ. ಈಗ ಹೇಳೀನಿ, ಆಮ್ಯಾಲೆ ಮೋಸ ಅನಬ್ಯಾಡ್ರಿ."

"ಒಂದ್ಸಲ ಬನ್ನಿ, ಗೋಡೆ ಮುಂದೆ ನಿಂತ್ರೆ ನಿಮ್ಗೇ ಮನಸ್ಸು ಬದಲಾಗುತ್ತೆ" ಎಂದು ನರೇಶ್ ಡಬ್ಬಿಯನ್ನು ಅಲ್ಲೇ ಬಿಟ್ಟುಹೋದ. ಸೋತ ಮುದುಕನಿಗೆ ಸ್ವಲ್ಪ ಗತ್ತು ಬಿಟ್ಟುಕೊಟ್ಟರಾಯಿತು ಎಂಬ ಹಾಗೆ ನಗುತ್ತ ಹೋದ.

ಬಸಲಿಂಗಪ್ಪನಿಗೆ ಗೋಡೆಯದು ಚಿಂತೆಯಿರಲಿಲ್ಲ. ಈ ಊರಿನಲ್ಲಿ ರುದ್ರಮ್ಮನಿಗೆ ಆ ಅಡುಗೆಮನೆ ಬಿಟ್ಟರೆ ಇನ್ನೊಂದು ಅಂಗಳವಿರಲಿಲ್ಲ. ಹತ್ತು ಹೆಂಗಸರ ನಡುವೆ ಕೂತು ಹಿಟ್ಟು ತಟ್ಟುತ್ತ, ಒಬ್ಬರನ್ನೊಬ್ಬರು ಕಿಚಾಯಿಸುತ್ತ ಅವಳು ನಗುವುದನ್ನು ಅವನು ಹೊರಗಿನಿಂದ ಎಷ್ಟೋ ಸಲ ಕೇಳಿದ್ದ. ತನ್ನ ಅಕ್ಷರ ತಿದ್ದುವುದಕ್ಕೆ ಅವಳ ಆ ನಗುವನ್ನು ಒತ್ತೆಯಿಡಬೇಕಿತ್ತು.

"ನಾ ತಿದ್ದಿದ್ರ ನಿನ್ನ ರೊಟ್ಟಿ ಹಂಚು ಹೋಗ್ತೈತಿ" ಎಂದ. "ನೀ ಬ್ಯಾಡಂದ್ರ ಬ್ಯಾಡ. ಬಿಟ್ಟುಬಿಡ್ತೀನಿ."

ಅವಳು ನರೇಶ್ ಮುಟ್ಟದ ಚೊಂಬನ್ನು ಎತ್ತಿಕೊಂಡು ತುಳಸಿ ಗಿಡಕ್ಕೆ ಸುರಿದು ಬಂದಳು.

"ಎರಡು ವರ್ಷಾತು, ನನ್ನ ರೊಟ್ಟಿ ತಿಂತಾರ, ನನ್ನ ಮನಿ ನೀರ ಒಲ್ಲೆ ಅಂತಾರ" ಎಂದಳು. "ಅದೇ ಕೈಯಲ್ಲೇನು ನಾ ರೊಟ್ಟಿ ಬಡಿಯೋದು? ನೀವು ಪೆಟಿಗಿಮ್ಯಾಲ ದೀಪ ಬರದು ಬಂದು, ಹಡಗ ಮುಟ್ಟಿರಬೇಕು ನೋಡು ಅಂತಿದ್ರಲ್ಲ. ನಾನೂ ಖರೇ ಅಂತ ಹೂಂ ಅಂದೀನಿ. ಅದಕ್ಕ ನನಗ ಸಿಟ್ಟು. ಸಣ್ಣ ಕುಂಚ ತಗೊಂಡೀರೇನು? ದೊಡ್ಡದರಾಗ ಸಣ್ಣ ಅಕ್ಷರ ಮೂಡಂಗಿಲ್ಲ."

ಮರುದಿನ ಬೆಳಿಗ್ಗೆ ಇಬ್ಬರೂ ಮಂದಿರಕ್ಕೆ ಹೋದರು. ಅವಳು ಏಣಿ ಹಿಡಿದಳು. ಅವನು ಹತ್ತಿದ. ಮಾಸಿದ ರಾಟರ್‌ಡ್ಯಾಮಿನ ಕೆಳಗೆ ಬೆರಳುದ್ದದ ಅಕ್ಷರದಲ್ಲಿ, ನೆದರ್‌ಲ್ಯಾಂಡ್ಸ್ ದೇಶದ ಬಂದರು ಎಂದು ಬರೆದ. ಡರ್ಬನ್ನಿನ ಕೆಳಗೆ ದಕ್ಷಿಣ ಆಫ್ರಿಕಾ. ಸ್ಯಾಂಟೋಸ್ ಕೆಳಗೆ ಬ್ರೆಜಿಲ್, ಬುಸಾನ್ ಕೆಳಗೆ ದಕ್ಷಿಣ ಕೊರಿಯಾ, ಜೆಬೆಲ್ ಅಲಿಯ ಕೆಳಗೆ ಅರಬ್ ಎಮಿರೇಟ್ಸಿನ ದುಬೈ. ಪಟ್ಟಿ ನೋಡಲಿಲ್ಲ. ಒಂದಕ್ಕೂ ತಡವರಿಸಲಿಲ್ಲ. ಆ ನಾಲ್ಕು ಸಾಸಿವೆಕಾಳುಗಳು ಈ ಹದಿನೇಳರಲ್ಲಿ ಇಲ್ಲದ್ದು ಅವನ ಪುಣ್ಯ. ಕೊನೆಗೆ ಏಣಿ ಇಳಿದು, ಗೋಡೆಯ ಕೆಳಮೂಲೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಇನ್ನೆರಡು ಸಾಲು ಬರೆದ:

ಇವು ನಾನು ಪೆಟ್ಟಿಗೆಗಳ ಮೇಲೆ ಬರೆದ ಹೆಸರುಗಳು. ಅಲ್ಲಿ ಬಳಗದವರಿದ್ದಾರೆಂದು ನಾನು ಬರೆದಿಲ್ಲ. ಬಸಲಿಂಗಪ್ಪ, ಪೆಟ್ಟಿಗೆ ಬರೆಯುವವನು.

ಅಷ್ಟರಲ್ಲಿ ಅಡುಗೆಗೆ ಕಾಳು ಆರಿಸಲು ಹೆಂಗಸರು ಬಂದಿದ್ದರು. ಹಿಂದೆಯೇ ನರೇಶ್ ಬಂದ. ಗೋಡೆ ಓದಿದ. ಅವನ ಮುಖ ಹರಳೆಣ್ಣೆ ಕುಡಿದವನಂತಾಯಿತು.

"ಏನ್ರೀ ಇದು? ನಾಳಿದ್ದು ಸಾವಿರ ಜನ ಬರ್ತಾರೆ."

"ಬರಲಿ. ಓದಲಿ. ನಿನ್ನೆ ಹೇಳಿದ್ದೆ ನಿಮಗ."

"ಈಗ್ಲೇ ಸುಣ್ಣ ಹೊಡೆಸ್ತೀನಿ."

"ಹೊಡಸ್ರಿ" ಎಂದ ಬಸಲಿಂಗಪ್ಪ, ಕುಂಚವನ್ನು ಚಿಂದಿಗೆ ಒರೆಸುತ್ತ. "ಸುಣ್ಣ ಹೊಡದ್ರ ಮೂವತ್ತಾರೂ ಹೋಗ್ತಾವ. ನನಗ ಅದೂ ಅಡ್ಡಿಯಿಲ್ಲ. ಅಥವಾ ನೀವ ಕುಂಚ ಹಿಡದು ಬರ್ಕೋರಿ, ನಿಮ್ಮ ಕೈಲೆ, ನಿಮ್ಮ ಹೆಸರು ಹಾಕಿ. ನನ್ನ ಅಕ್ಷರದಾಗ ಸುಳ್ಳು ಇರಂಗಿಲ್ಲ."

ಹೆಂಗಸರ ನಡುವೆ ಚಿಕ್ಕಮುನಿಯಮ್ಮ ಇದ್ದಳು. ಆನೇಕಲ್ ಕಡೆಯ ಒಕ್ಕಲು ಹೆಂಗಸು, ಬಸಲಿಂಗಪ್ಪನ ಮನೆಯೊಡತಿ. ಎರಡು ವರ್ಷದಿಂದ ಗೋಡೆಯಾಚೆಯೇ ಇದ್ದು ಅವರ ಮನೆಯ ನೀರು ಮುಟ್ಟದವಳು. ಅವಳಿಗೆ ಓದು ಬಾರದು. ಪಕ್ಕದವಳಿಂದ ಕೆಳಗಿನ ಸಾಲು ಓದಿಸಿಕೊಂಡು, ಮೊರವನ್ನು ಸೊಂಟಕ್ಕೆ ಆನಿಸಿಕೊಂಡು ಗೋಡೆಯ ಹತ್ತಿರ ಬಂದಳು.

"ಅಂಗಾದ್ರೆ ಆ ಊರ್ಗುಳಾಗೆ ನಮ್ಮೋರು ಯಾರೂ ಇಲ್ವಾ ಬಸಲಿಂಗಣ್ಣ?"

"ನನಗ ಗೊತ್ತಿಲ್ಲವ್ವ. ನಾ ಬರದದ್ದು ಪೆಟಿಗಿ ಇಳಿಯೋ ಜಾಗ."

ಅವಳು ನರೇಶನ ಕಡೆ ತಿರುಗಿದಳು. "ಇಂಗೆ ಅಂತ ಮೊದ್ಲೇ ಯೋಳಕ್ಕೇನಾಗಿತ್ತಪ್ಪಾ ನಿನ್ಗೆ? ನನ್ ಮೊಮ್ಮಗಳ ಗಂಡ ದುಬೈನಾಗವ್ನೆ. ಅಲ್ಲಿ ನಮ್ ದೀಪ ಐತೆ, ಓಗಿ ಕೈಮುಗಿ ಅಂತ ನಾನೇ ಯೋಳ್ದೆ. ಅವ್ನು ಮೂರು ಶುಕ್ರವಾರ ಬಿಸ್ಲಾಗೆ ಉಡುಕಾಡವ್ನೆ."

ಯಾರೋ ಒಬ್ಬಳು ಕಿಸಕ್ಕೆಂದಳು. ಇನ್ನೊಬ್ಬಳು ಸೆರಗು ಬಾಯಿಗಿಟ್ಟುಕೊಂಡಳು. ನರೇಶ್ ಫೋನ್ ತೆಗೆದು, ಸುಣ್ಣದವನಿಗಿರಬೇಕು, ಮಾತಾಡುತ್ತ ಹೊರಗೆ ನಡೆದ.

ಬಸಲಿಂಗಪ್ಪ ಏಣಿ ಮಡಚಿದ. ರುದ್ರಮ್ಮ ಮನೆಯಿಂದ ತಂದಿದ್ದ ಸ್ಟೀಲ್ ಬಾಟಲಿಯ ಮುಚ್ಚಳ ತಿರುವಿ ಅವನಿಗೆ ಕೊಡಲು ಹೋದಳು. ನಡುವೆ ಚಿಕ್ಕಮುನಿಯಮ್ಮನ ಕೈ ಬಂತು. ಬಲಗೈ, ನೀಲಿ ದಾರವಿದ್ದದ್ದು. ಬಾಟಲಿ ಎತ್ತಿ ಗಟಗಟ ಅರ್ಧ ಕುಡಿದು, ಬಾಯಿ ಒರೆಸಿಕೊಂಡಳು.

"ದುಬೈ ಇದ್ರಾಗೆ ಯಾವ್ದು, ತೋರ್ಸಣ್ಣ" ಎಂದಳು. "ಸುಣ್ಣದೋನು ಬರೋ ಮುಂಚೆ ನೋಡ್ಕಂತೀನಿ."