ಅಬು ಸಾಲಿಹನ ಅಪ್ಪನ ಕೋವಿ

ಸೌದಿಯ ತಾಯಿಫಿಗೆ ಕೆಲಸಕ್ಕೆ ಬಂದ ಮರುದಿನ ಬೆಳಿಗ್ಗೆ ಒಬ್ಬ ಗಿರಾಕಿ ಅಂಗಡಿಯ ಗೋಡೆಯಿಂದ ಬಂದೂಕು ಇಳಿಸಿ, ಹೆಗಲಿಗೆ ಆನಿಸಿ, ನನ್ನ ಎದೆಯತ್ತ ತಿರುಗಿಸಿದ. ಒಂದು ಕಣ್ಣು ಮುಚ್ಚಿದ. ಕಾಫಿಯ ಹೂಜಿ ಹಿಡಿದಿದ್ದ ನಾನು ನಿಂತಲ್ಲೇ ಮರಗಟ್ಟಿದೆ. ಆತ ಹೆದರಿಸುತ್ತಿರಲಿಲ್ಲ, ತಮಾಷೆಯನ್ನೂ ಮಾಡುತ್ತಿರಲಿಲ್ಲ. ನನ್ನ ಹಿಂದಿನ ಗೋಡೆಯಲ್ಲಿ ಗಡಿಯಾರವಿತ್ತು. ಅದಕ್ಕೆ ಗುರಿ ಹಿಡಿಯುತ್ತಿದ್ದ. ನಡುವೆ ಒಬ್ಬ ಮನುಷ್ಯ ನಿಂತಿದ್ದಾನೆ ಎಂಬುದು ಅವನ ಲೆಕ್ಕಕ್ಕೇ ಬಂದಿರಲಿಲ್ಲ. ಬಂದೂಕು ಇಳಿಸಿದ ಮೇಲೆ ಖಾಲಿ ಬಟ್ಟಲು ಮುಂದೆ ಚಾಚಿದ. ನಾನು ಮತ್ತೆ ಕಾಫಿ ಸುರಿದೆ.

ಊರಿನಲ್ಲಿ ಕೋವಿಯನ್ನು ಯಾರೂ ಹೀಗೆ ಎತ್ತುವುದಿಲ್ಲ. ಊರು ಎಂದರೆ ಬೆಳ್ತಂಗಡಿಯಿಂದ ಘಟ್ಟದ ಬುಡಕ್ಕೆ ಹೋಗುವ ದಾರಿಯಲ್ಲಿ ಬಸ್ಸು ದಿನಕ್ಕೆ ಎರಡೇ ಸಲ ಬರುವ ಒಂದು ಜಾಗ. ಬ್ಯಾರಿಗಳಾದ ನಾವು ಅಪ್ಪನನ್ನು ಉಪ್ಪ ಎನ್ನುತ್ತೇವೆ. ಉಪ್ಪನದು ಬೆಳೆ ರಕ್ಷಣೆಯ ಪರವಾನಗಿ ಇದ್ದ ಒಂಟಿ ನಳಿಗೆಯ ಕೋವಿ. ಮರಗೆಣಸು ಅಗೆಯಲು ಬರುವ ಹಂದಿಗಳಿಗಾಗಿ ಇಟ್ಟುಕೊಂಡದ್ದು. ಅದು ಹಳೆಯ ಲುಂಗಿ ಸುತ್ತಿಕೊಂಡು ಅಟ್ಟದಲ್ಲಿ ಮಲಗಿರುತ್ತಿತ್ತು. ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಬೇಕು. ಉಪ್ಪ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಸ್ಸಿನಲ್ಲಿ ಕೂರುತ್ತಿದ್ದರು.

“ಬ್ಯಾರಿಗಳೇ, ಇದಕ್ಕೂ ಒಂದು ಟಿಕೆಟ್ ಮಾಡ್ಲಾ?” ಎಂದು ಕಂಡಕ್ಟರ್ ಕೇಳಿದರೆ ಉಪ್ಪ, “ಅರ್ಧ ಮಾಡು ಮಾರಾಯ, ಇದು ಮಾತಾಡುದಿಲ್ಲ” ಎನ್ನುತ್ತಿದ್ದರು.

ಹೀಗೆ ಹೇಳಿದ್ದರು ಎಂದು ನನಗೆ ನೆನಪು. ಆದರೆ ನನ್ನ ನೆನಪನ್ನು ನಂಬಬೇಡಿ. ಯಾಕೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಅಂಗಡಿ ಬೇಟೆಯ ಸಾಮಾನಿನದು. ತಾಯಿಫ್ ಬೆಟ್ಟದ ಊರು. ಸೌದಿ ಎಂದರೆ ಬರೀ ಬಿಸಿಲು ಎಂದುಕೊಂಡು ಬಂದ ನಾನು ಮೊದಲ ಚಳಿಗಾಲದಲ್ಲಿ ಹಲ್ಲು ಕಟಕಟಿಸುತ್ತಾ ಎರಡು ಕಂಬಳಿ ಹೊದ್ದು ಮಲಗಿದೆ. ಕೋಣೆಯಲ್ಲಿ ನನ್ನ ಜೊತೆ ಪುತ್ತೂರಿನ ಹಮೀದ್ ಇದ್ದಾನೆ, ಟ್ರಕ್ ಚಾಲಕ. ಮಲಯಾಳಿ ಅಂಗಡಿಯಿಂದ ಕುಚ್ಚಲಕ್ಕಿ ತಂದು ಗಂಜಿ ಬೇಯಿಸುವವನು ಅವನೇ. ಅಂಗಡಿಯಲ್ಲಿ ನಾನು ಕಲಿತ ಮೊದಲ ವಿದ್ಯೆ ಗಹ್ವಾ ಸುರಿಯುವುದು. ಗಹ್ವಾ ಎಂದರೆ ಏಲಕ್ಕಿ ಹಾಕಿದ ತೆಳ್ಳನೆ ಹಳದಿ ಕಾಫಿ. ಕಿವಿಯಿಲ್ಲದ ಪುಟ್ಟ ಬಟ್ಟಲಿಗೆ ಒಂದು ಗುಟುಕಿನಷ್ಟು ಹಾಕಬೇಕು. ಕುಡಿದವರು ಬಟ್ಟಲು ಚಾಚಿದರೆ ಮತ್ತೆ ಸುರಿಯಬೇಕು, ಸಾಕಾದರೆ ಅವರು ಅದನ್ನು ಅಲ್ಲಾಡಿಸುತ್ತಾರೆ. ಅಲ್ಲಾಡಿಸುವವರೆಗೆ ಸುರಿಯುವವನು ನಿಂತೇ ಇರಬೇಕು. ನಮ್ಮಲ್ಲಿ ಅತಿಥಿ ಸಾಕು ಸಾಕು ಎನ್ನುತ್ತಾನೆ, ನಾವು ಬಡಿಸುತ್ತೇವೆ. ಅದರಲ್ಲಿ ಸ್ವಲ್ಪ ಜಗಳವಿದೆ, ಸ್ವಲ್ಪ ಪ್ರೀತಿಯಿದೆ. ಇಲ್ಲಿ ಒಬ್ಬರೂ ಮಾತಾಡುವುದಿಲ್ಲ. ಬಟ್ಟಲು ಮಾತಾಡುತ್ತದೆ.

ಊರಿನ ಅರಬಿ ಕಾಲೇಜಿನಲ್ಲಿ ಓದಿದವನಾದ್ದರಿಂದ ನನಗೆ ಬರೆಯುವ ಅರಬಿ ಬರುತ್ತಿತ್ತು, ಆಡುವ ಅರಬಿ ಬೇಗ ಬಂತು. ಮೆಲ್ಲನೆ ಬಂದೂಕುಗಳ ವಿದ್ಯೆಯೂ ಬಂತು. ಕಣ್ಣು ಮುಚ್ಚಿ ಹೆಗಲಿಗೇರಿಸಿ, ಆಮೇಲೆ ಕಣ್ಣು ಬಿಟ್ಟು ನೋಡಿ, ಗುರಿ ನೇರ ಕಂಡರೆ ಅದು ನಿಮ್ಮ ಬಂದೂಕು ಎಂದು ನಾನು ಹೇಳುತ್ತಿದ್ದೆ. ಗಿರಾಕಿಗಳು ಕೇಳಿಸಿಕೊಂಡು ಮಾಲೀಕನ ಮುಖ ನೋಡುತ್ತಿದ್ದರು. ಅವನ ಹೆಸರು ತುರ್ಕಿ. ತುರ್ಕಿ ಹೌದು ಎಂದ ಮೇಲಷ್ಟೇ ಅದು ನಿಜವಾಗುತ್ತಿತ್ತು. ಅವರಿಗೆ ನಾನು ಸದೀಕ್. ಸದೀಕ್ ಎಂದರೆ ಗೆಳೆಯ. ಹೆಸರು ಕೇಳುವ ಅಗತ್ಯವಿಲ್ಲದ ಗೆಳೆಯ.

ಆಮೇಲೆ ಮಾರಾಟದ ಕೆಲಸಕ್ಕೆ ಸೌದಿಗಳೇ ಇರಬೇಕು ಎಂದು ಸರಕಾರದ ನಿಯಮ ಬಂತು. ಕೌಂಟರಿಗೆ ತುರ್ಕಿಯ ಚಿಕ್ಕಪ್ಪನ ಮಗ ಮಾಜಿದ್ ಬಂದ. ನನ್ನ ಇಕಾಮಾದಲ್ಲಿ, ಅಂದರೆ ಇಲ್ಲಿ ಇರಲು ಕೊಡುವ ಗುರುತು ಚೀಟಿಯಲ್ಲಿ, ನಾನು ಗೋದಾಮಿನ ಕೂಲಿ. ಕಳಿಸಿಬಿಡುತ್ತಾರೆ ಎಂದುಕೊಂಡೆ. ತುರ್ಕಿ ಕಳಿಸಲಿಲ್ಲ. ಹಿಂದಿನ ಗೋದಾಮಿನಲ್ಲಿ ಕೂರಿಸಿ ಕೈಗೆ ಒಂದು ಫೋನ್ ಕೊಟ್ಟ.

“ಈಗ ಎಲ್ಲರೂ ಆನ್‌ಲೈನ್‌ನಲ್ಲೇ ಕೇಳ್ತಾರೆ. ನೀನು ಉತ್ತರ ಬರಿ. ಹೆಸರು ಅಬು ಸಾಲಿಹ್.”

“ಅಬು ಸಾಲಿಹ್ ಯಾರು?”

“ನೀನು ಬರೆದ ಹಾಗೆ ಇರ್ತಾನೆ. ಯಲ್ಲಾ, ಶುರು ಮಾಡು.”

ಅಬು ಸಾಲಿಹ್ ಎಂದರೆ ಸಾಲಿಹನ ತಂದೆ. ಸಾಲಿಹ್ ಎಂಬ ಮಗ ನನಗಿಲ್ಲ, ತುರ್ಕಿಗಿಲ್ಲ, ಮಾಜಿದನಿಗೆ ಮದುವೆಯೇ ಆಗಿಲ್ಲ. ಹಮೀದ್ ಅಂದಿನಿಂದ ಗಂಜಿ ಬಡಿಸುವಾಗ, “ಅಬು ಸಾಲಿಹ್ ಸಾಹೇಬ್ರಿಗೆ ಉಪ್ಪಿನಕಾಯಿ ಹಾಕ್ಲಾ?” ಎಂದು ಶುರು ಮಾಡಿದ.

ನೀವು ಊರಿನಲ್ಲಿ ಮೊಬೈಲಿನಲ್ಲಿ ಚಪ್ಪಲಿ ತರಿಸಿದ ಹಾಗೆ ಇಲ್ಲಿ ಬಂದೂಕು ತರಿಸಲು ಆಗುವುದಿಲ್ಲ. ದುರ್ಬೀನು, ಚೀಲ, ಹೆಗಲ ಪಟ್ಟಿ ಇವೆಲ್ಲ ಕೊರಿಯರ್‌ನಲ್ಲಿ ಹೋಗುತ್ತವೆ. ಬಂದೂಕನ್ನು ಫೋನಿನಲ್ಲಿ ಆರಿಸಿ ಕಾಯ್ದಿರಿಸಬಹುದು. ಪಡೆಯಲು ಪರವಾನಗಿ ಹಿಡಿದು ಅಂಗಡಿಗೇ ಬರಬೇಕು. ಆದ್ದರಿಂದ ಆರಿಸಿಕೊಡುವವನ ಮಾತೇ ಎಲ್ಲ. ವಿಚಿತ್ರವೆಂದರೆ, ಕೌಂಟರಿನಲ್ಲಿ ಯಾರೂ ನಂಬದ ನನ್ನ ಮಾತನ್ನು ಅಬು ಸಾಲಿಹ್ ಬರೆದಾಗ ಎಲ್ಲರೂ ನಂಬಿದರು. ನನ್ನ ಪುಸ್ತಕದ ಅರಬಿ ಅವರಿಗೆ ಹಿರಿಯರ ಗಾಂಭೀರ್ಯದಂತೆ ಕಂಡಿತು. ‘ಅಲ್ಲಾಹನು ನಿಮ್ಮ ಆಯುಷ್ಯ ಹೆಚ್ಚಿಸಲಿ, ಅಬು ಸಾಲಿಹ್’ ಎಂದು ಬರೆಯುತ್ತಿದ್ದರು. ಅದೇ ಗಿರಾಕಿ ಅಂಗಡಿಗೆ ಬಂದರೆ ನಾನು ಪೆಟ್ಟಿಗೆ ಹೊತ್ತು ಅವನ ಕಾರಿನಲ್ಲಿ ಇಡುತ್ತಿದ್ದೆ. ನನ್ನ ಆಯುಷ್ಯ ಅಲ್ಲಿ ಯಾರ ನೆನಪಿಗೂ ಬರುತ್ತಿರಲಿಲ್ಲ.

ಕಳೆದ ವರ್ಷ ಉಪ್ಪ ತೀರಿಕೊಂಡರು. ಸುದ್ದಿ ನನಗೆ ತಲುಪುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ಪರವಾನಗಿ ಸತ್ತವರ ಜೊತೆ ಸಾಯುತ್ತದೆ, ಕೋವಿ ಸಾಯುವುದಿಲ್ಲ. ತಂಗಿಯ ಗಂಡ ಇಬ್ರಾಹಿಂ ಅದನ್ನು ಮಂಗಳೂರಿನ ಬಂದೂಕಿನ ಅಂಗಡಿಯಲ್ಲಿ ಒಪ್ಪಿಸಿದ. ಒಬ್ಬನೇ ಮಗನಾದ ನಾನು ಖುದ್ದಾಗಿ ಹೋಗಿ ಅರ್ಜಿ ಕೊಟ್ಟು ನನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು, ಇಲ್ಲವೇ ಪರವಾನಗಿ ಇರುವ ಬೇರೆ ಯಾರಿಗಾದರೂ ಮಾರಲು ಒಪ್ಪಬೇಕು. ವರ್ಷದ ಕೊನೆಯವರೆಗೆ ಕಾಯುತ್ತೇವೆ, ಆಮೇಲೆ ಇಲ್ಲ ಎಂದರಂತೆ ಅಂಗಡಿಯವರು.

“ಲತೀಫಾಕ, ನೀವು ಬಂದು ಕೂತ್ರೆ ಮಾತ್ರ ಆಗ್ತದೆ,” ಎಂದ ಇಬ್ರಾಹಿಂ ಫೋನಿನಲ್ಲಿ; ಲತೀಫಾಕ ಎಂದರೆ ಲತೀಫಣ್ಣ, ಅಂದರೆ ನಾನು. “ಮತ್ತೆ ಸ್ಟೇಷನಿನವರು ಕೇಳ್ತಾರೆ, ಊರಲ್ಲೇ ಇಲ್ಲದವನಿಗೆ ಕೋವಿ ಎಂತಕ್ಕೆ ಅಂತ. ಅದಕ್ಕೆ ನಾನು ಎಂತ ಹೇಳ್ಲಿ?”

ಇಲ್ಲಿ ಹೊರಗಿನವನಿಗೆ ಬಂದೂಕಿಲ್ಲ, ಅಲ್ಲಿ ಹೊರಗಿರುವವನಿಗೆ ಇಲ್ಲ. ಆದರೂ ಅದು ನನಗೆ ಬೇಕಿತ್ತು. ಮಣ್ಣಿಗೆ ಹೋಗದೆ ಉಳಿದ ಉಪ್ಪನ ವಸ್ತು ಅದೊಂದೇ ಎಂದು ಬರೆಯಹೊರಟೆ, ಸುಳ್ಳು. ಅವರ ಕನ್ನಡಕ, ಟೋಪಿ, ಕೊಡೆ ಎಲ್ಲ ತಂಗಿಯ ಬಳಿ ಇವೆ. ಕೋವಿಯೇ ಯಾಕೆ ಬೇಕಿತ್ತೋ ಗೊತ್ತಿಲ್ಲ. ಬೇಕಿತ್ತು, ಅಷ್ಟೆ.

ತುರ್ಕಿಯ ಬಳಿ ರಜೆ ಕೇಳಿದೆ.

“ಈಗ ಬೇಟೆಯ ಕಾಲ, ಚಳಿ ಮುಗೀಲಿ,” ಎಂದ. “ಅಬು ಸಾಲಿಹ್ ಹೋದರೆ ಅಂಗಡಿ ಯಾರು ನೋಡ್ತಾರೆ?”

“ನಾನು ಗೋದಾಮಿನ ಕೂಲಿ ಅಲ್ವಾ? ಹೋದರೆ ಏನಾಗ್ತದೆ?”

ತುರ್ಕಿ ನಕ್ಕು ನನ್ನ ಬೆನ್ನು ತಟ್ಟಿದ. “ಕೂಲಿ ಹೋಗಬಹುದು. ಅವನ ಫೋನ್ ಇಲ್ಲೇ ಇರಬೇಕು.”

ಹೋದರೆ ಮರಳಿ ಬರುವ ಅಗತ್ಯವಿಲ್ಲ ಎಂದು ಇದರ ಅರ್ಥ. ನಾನು ಹೋಗಲಿಲ್ಲ.

ಆ ದಿನಗಳಲ್ಲೇ ದೂರದ ದಕ್ಷಿಣ ಗಡಿಯ ನಜ್ರಾನಿನಿಂದ ಒಬ್ಬ ಮುದುಕರು ಬರೆಯತೊಡಗಿದ್ದರು. ಹೆಸರು ಅಬು ನಾಸಿರ್. ಮಗ ನಾಸಿರ್ ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟಿದ್ದ. ಅವನ ಭಾರದ ಬಂದೂಕು ತನ್ನ ಹೆಗಲಿಗೆ ಆಗುವುದಿಲ್ಲ, ಹಗುರವಾದದ್ದು ಬೇಕು ಎಂದರು. ಮಗನ ಸುದ್ದಿ ಓದಿದ ಮೇಲೆ ಬರೀ ಬಂದೂಕಿನ ತೂಕ ಬರೆಯಲು ನನ್ನಿಂದ ಆಗಲಿಲ್ಲ. ನನ್ನ ತಂದೆಯೂ ಹೋದರು ಎಂದು ಬರೆದೆ. ಅವರ ಬಂದೂಕಿನ ಬಗ್ಗೆ ಬರೆದೆ. ಹಂದಿ ಎಂದು ಬರೆಯಲು ಮನಸ್ಸಾಗಲಿಲ್ಲ, ತೋಳ ಎಂದೆ. ಮರಗೆಣಸು ಕುರಿಮಂದೆಯಾಯಿತು, ಘಟ್ಟದ ಬುಡ ತಾಯಿಫಿನಾಚೆಯ ಬೆಟ್ಟವಾಯಿತು.

ಊರಿನಲ್ಲಿ ನಡೆದದ್ದು ಇಷ್ಟು. ಒಂದು ಸಂಜೆ ಗೆಣಸಿನ ಸಾಲಿನಲ್ಲಿ ಹಂದಿ ಬಂದಿತ್ತು. ನಾನು ಟಾರ್ಚ್ ಹಿಡಿದಿದ್ದೆ. ಉಪ್ಪ ಗುರಿ ಹಿಡಿದು ಬಹಳ ಹೊತ್ತು ನಿಂತು ಕೋವಿ ಇಳಿಸಿದರು. “ಹೋಗ್ಲಿ, ಅದಕ್ಕೂ ಹೊಟ್ಟೆ ಉಂಟು” ಎಂದರು. ಇದು ನನ್ನ ನೆನಪು. ತೀರಾ ಚೆನ್ನಾಗಿದೆ, ಅದಕ್ಕೇ ನನಗೆ ಅನುಮಾನ. ತಂಗಿ ಹೇಳುವುದೇ ಬೇರೆ: “ನಿನಗೆ ಎಂತ ಮರುಳಾ? ಉಪ್ಪ ಕೋವಿಯ ಕುದುರೆ ಎಳೆದಿದ್ರು. ತೋಟೆ ಒದ್ದೆಯಾಗಿತ್ತು, ಹೊಡೀಲೇ ಇಲ್ಲ.” ಉಪ್ಪ ಆಮೇಲೆ ಆ ತೋಟೆ, ಅಂದರೆ ಕಾಡತೂಸು, ಮಾರಿದ ಅಂಗಡಿಯವನಿಗೆ ಬೈದದ್ದೂ ಅವಳಿಗೆ ನೆನಪಿದೆ. ಮುದುಕರಿಗೆ ನಾನು ಒದ್ದೆ ತೋಟೆಯನ್ನು ಬರೆಯಲಿಲ್ಲ. ಹೊಟ್ಟೆಯನ್ನು ಬರೆದೆ.

ನಜ್ರಾನಿನಲ್ಲಿಯೇ ಕೊಳ್ಳಬಹುದಿತ್ತು. ಆದರೆ ಅಬು ನಾಸಿರ್, ಅಬು ಸಾಲಿಹನ ಕೈಯಿಂದಲೇ ತೆಗೆದುಕೊಳ್ಳುತ್ತೇನೆ ಎಂದು ಅಷ್ಟು ದೂರದಿಂದ ಹೊರಟರು. ಮಾಜಿದ್ ಅಬು ಸಾಲಿಹ್ ಆಗಬೇಕು, ನಾನು ಗಹ್ವಾ ಸುರಿಯಬೇಕು ಎಂದು ತುರ್ಕಿ ಹೇಳಿದ. ಗೋದಾಮಿನ ಕೂಲಿ ಗಿರಾಕಿಗಳ ಜೊತೆ ವ್ಯವಹರಿಸುತ್ತಾನೆ ಎಂದು ಹೊರಗೆ ಗೊತ್ತಾದರೆ ಅವನಿಗೂ ಕಷ್ಟ, ನನಗೂ ಕಷ್ಟ.

ಮುದುಕರು ಸಣ್ಣಗಿದ್ದರು, ಎಡಗಾಲು ಸ್ವಲ್ಪ ಎಳೆಯುತ್ತಿದ್ದರು. ಮಾಜಿದನನ್ನು ಅಪ್ಪಿಕೊಂಡು ಮೂಗಿಗೆ ಮೂಗು ತಾಗಿಸಿದರು.

“ನೀನು ಇಷ್ಟು ಚಿಕ್ಕವನಾ? ನಿನ್ನ ಬರಹಕ್ಕೆ ಬಿಳಿ ಗಡ್ಡ ಇದೆ.”

“ಬರಹ ಬೇಗ ಮುದಿಯಾಯ್ತು, ಅಬು ನಾಸಿರ್,” ಎಂದ ಮಾಜಿದ್. ಎಲ್ಲರೂ ನಕ್ಕರು. ನನಗೂ ನಗು ಬಂತು; ಅವನು ಕೆಟ್ಟವನಲ್ಲ.

ಬಂದೂಕು ಹೆಗಲಿಗೆ ಸರಿಹೊಂದಿತು. ಮುದುಕರು ಅದನ್ನು ಬದಿಗಿಟ್ಟು ಬಟ್ಟಲು ಚಾಚಿದರು. ಸುರಿದೆ. ಕುಡಿದು ಮತ್ತೆ ಚಾಚಿದರು. ಅಲ್ಲಾಡಿಸಲೇ ಇಲ್ಲ. ನಾನು ಅವರ ಪಕ್ಕದಲ್ಲಿ ಹೂಜಿ ಹಿಡಿದು ನಿಂತೆ, ಅವರು ಮಾಜಿದನಿಗೆ ನನ್ನ ಉಪ್ಪನ ಕಥೆ ಹೇಳಿದರು.

“ನಾಸಿರ್ ಹೋದ ಮೇಲೆ ಎಲ್ಲರೂ ತಾಳ್ಮೆ ತಂದುಕೋ ಅಂದರು. ನೀನೊಬ್ಬ ತೋಳದ ವಿಷಯ ಬರೆದೆ. ನಿನ್ನ ತಂದೆ ಬಂಡೆಯ ಮೇಲೆ ನಿಂತು ಗುರಿ ಹಿಡಿದು ಬಿಟ್ಟುಬಿಟ್ಟನಲ್ಲ, ಆಮೇಲೆ ಏನು ಹೇಳಿದ? ನಿನ್ನ ಬಾಯಲ್ಲೇ ಕೇಳಬೇಕು.”

ಮಾಜಿದ್ ನನ್ನತ್ತ ನೋಡಲಿಲ್ಲ. “ಏನೋ ಹೇಳಿದ್ದರು. ಹಳೆಯ ಮಾತು.”

“ಅದಕ್ಕೂ ಹೊಟ್ಟೆ ಇದೆ ಅಂದ,” ಎಂದರು ಮುದುಕರು. “ಮರೆತೆಯಾ? ಅಲ್ಲಾಹನು ಅವನನ್ನು ಕರುಣಿಸಲಿ.”

“ಆಮೀನ್,” ಎಂದ ಮಾಜಿದ್. ನಾನೂ ಎಂದೆ, ಯಾರಿಗೂ ಕೇಳದ ಹಾಗೆ.

ಬಂಡೆ ಎಲ್ಲಿಂದ ಬಂತು? ನಾನು ಬರೆದಿದ್ದೆನೋ, ಅವರೇ ಸೇರಿಸಿದರೋ? ಆ ಕ್ಷಣದಲ್ಲಿ ಗೆಣಸಿನ ಸಾಲನ್ನು ಕಣ್ಣಮುಂದೆ ತರಲು ನೋಡಿದೆ. ಬರಲಿಲ್ಲ. ಉಪ್ಪ ಬಂಡೆಯ ಮೇಲೆ ನಿಂತಿದ್ದರು, ಕೆಳಗೆ ಒಣ ಕಣಿವೆಯಲ್ಲಿ ತೋಳ ನಡೆದು ಹೋಗುತ್ತಿತ್ತು. ಅದಾದ ಮೇಲೆ ಎಷ್ಟು ಸಲ ಪ್ರಯತ್ನಿಸಿದರೂ ಬಂಡೆಯೇ ಬರುತ್ತದೆ.

ಹೊರಡುವಾಗ ಮುದುಕರು ಚೀಲದಿಂದ ಒಂದು ಹೆಗಲ ಪಟ್ಟಿ ತೆಗೆದರು. ಆಡಿನ ಕೂದಲಿನದು, ಕಪ್ಪು ಮತ್ತು ಕೆಂಪು. “ನಮ್ಮ ಮನೆಯ ಹೆಂಗಸರು ನೇಯ್ದದ್ದು. ನಿನ್ನ ತಂದೆಯ ಬಂದೂಕಿಗೆ.” ಮಾಜಿದನ ಕೈಗಿಟ್ಟು, ಕೊನೆಗೆ ಬಟ್ಟಲನ್ನು ಅಲ್ಲಾಡಿಸಿ ನನಗೆ ಕೊಟ್ಟರು. “ಕೈ ಬೆಚ್ಚಗಿರಲಿ, ಸದೀಕ್,” ಎಂದರು.

ಪಟ್ಟಿ ಕೌಂಟರಿನ ಮೇಲೇ ಉಳಿಯಿತು. ಮಾಜಿದ್ ಮರೆತು ಹೋದ. ಮರುದಿನ ತುರ್ಕಿ ಅದನ್ನು ಗೋದಾಮಿಗೆ ತಂದು, “ಚೆನ್ನಾಗಿದೆ. ಫೋಟೋ ತೆಗೆದು ಆನ್‌ಲೈನ್‌ಗೆ ಹಾಕು,” ಎಂದ. ಅದು ಅಬು ಸಾಲಿಹನಿಗೆ ಕೊಟ್ಟದ್ದು ಎಂದೆ. “ಅಬು ಸಾಲಿಹ್ ಅಂಗಡಿಯವನು, ಅವನದ್ದೂ ಅಂಗಡಿಯದ್ದೇ,” ಎಂದ ತುರ್ಕಿ. ಅವನ ತರ್ಕದಲ್ಲಿ ತಪ್ಪು ಕಾಣಲಿಲ್ಲ.

ಆ ವಾರವೇ ಇಬ್ರಾಹಿಂ ಫೋನ್ ಮಾಡಿದ.

“ಲತೀಫಾಕ, ಸುಳ್ಯದ ಕಡೆಯವರೊಬ್ಬರು ಕೇಳ್ತಿದ್ದಾರೆ. ನೀವು ಬರ್ತೀರಾ, ಇಲ್ವಾ? ಒಂದು ಮಾತು ಹೇಳಿ.”

“ಕೊಟ್ಟುಬಿಡು,” ಎಂದೆ.

“ಬೇಜಾರಾ?”

“ಎಂತ ಬೇಜಾರು. ತೋಟೆಯೇ ಹೊಡೀತಿರಲಿಲ್ಲ.”

ಆಮೇಲೆ ಪಟ್ಟಿಯ ಫೋಟೋ ಹಾಕಿ, ಅಬು ಸಾಲಿಹನ ಗಂಭೀರ ಅರಬಿಯಲ್ಲಿ ನಾಲ್ಕು ಸಾಲು ಹೊಗಳಿ ಬರೆದೆ. ಎರಡು ದಿನ ಬಿಟ್ಟು ನಜ್ರಾನಿನಿಂದ ಸಂದೇಶ ಬಂತು: ‘ಪಟ್ಟಿಯನ್ನು ಮಾರುತ್ತಿದ್ದೀಯಾ? ನಿನ್ನ ತಂದೆಯ ಬಂದೂಕು ಏನಾಯಿತು?’

‘ಮಾರಿಹೋಯಿತು. ನನಗೆ ಹೋಗಲಾಗಲಿಲ್ಲ’ ಎಂದು ಬರೆದೆ. ತಂದೆ ಹೋದರು ಎಂಬುದನ್ನು ಬಿಟ್ಟರೆ ಅಬು ಸಾಲಿಹ್ ತನ್ನ ಬಗ್ಗೆ ಬರೆದ ಒಂದೇ ಒಂದು ನಿಜ ಅದು.

ಸ್ವಲ್ಪ ಹೊತ್ತಿನಲ್ಲಿ ಒಂದು ಆರ್ಡರ್ ಬಂತು: ಹೆಗಲ ಪಟ್ಟಿ, ಆಡಿನ ಕೂದಲು, ಒಂದು. ವಿಳಾಸ ನಜ್ರಾನ್. ಕೊಟ್ಟ ಉಡುಗೊರೆಯನ್ನು ದುಡ್ಡು ಕೊಟ್ಟು ಬಿಡಿಸಿಕೊಳ್ಳುತ್ತಿದ್ದರು.

ಪೆಟ್ಟಿಗೆಗೆ ಹಾಕುವ ಮೊದಲು ಪಟ್ಟಿಯನ್ನು ನನ್ನ ಹೆಗಲಿಗೆ ಹಾಕಿಕೊಂಡು ನೋಡಿದೆ. ಕೂದಲು ಚುಚ್ಚಿತು. ಉಪ್ಪನ ಕೋವಿಗೆ ಪಟ್ಟಿ ಇತ್ತೇ? ಅವರು ಅದನ್ನು ಹೆಗಲಿಗೆ ಹಾಕುತ್ತಿದ್ದರೇ, ಕೈಯಲ್ಲಿ ಹಿಡಿಯುತ್ತಿದ್ದರೇ? ತಂಗಿಗೆ ಫೋನ್ ಮಾಡಿ ಕೇಳಬಹುದಿತ್ತು, ಕೇಳಲಿಲ್ಲ. ಅವಳ ಉತ್ತರವೂ ಅವಳದೇ.

ಒಂದು ಚೀಟಿ ಹರಿದು, ‘ತೋಟೆ ಒದ್ದೆಯಾಗಿತ್ತು. ಲತೀಫ್’ ಎಂದು ಬರೆದು ಪಟ್ಟಿಯ ಮಡಿಕೆಯೊಳಗೆ ಇಟ್ಟೆ. ಕನ್ನಡದಲ್ಲಿ ಬರೆದೆ. ಮುದುಕರಿಗೆ ಓದಲು ಬರುವುದಿಲ್ಲ; ಇದು ತಾಯಿಫಿನಾಚೆಯ ಯಾವ ಬೆಟ್ಟದ ಬರಹವೂ ಅಲ್ಲ ಎಂದು ಮಾತ್ರ ತಿಳಿಯುತ್ತದೆ. ನಜ್ರಾನಿನಲ್ಲೂ ಕೆಲಸಕ್ಕೆ ಬಂದ ನಮ್ಮವರು ಇದ್ದಾರೆ. ಚೀಟಿ ತೋರಿಸಿದರೆ ಯಾರಾದರೂ ಓದಿ ಹೇಳುತ್ತಾರೆ. ಮುದುಕರು ತೋರಿಸುತ್ತಾರೋ, ತುರ್ಕಿಗೆ ಫೋನ್ ಮಾಡುತ್ತಾರೋ, ಪೆಟ್ಟಿಗೆಯ ಜೊತೆ ಎಸೆಯುತ್ತಾರೋ. ಫೋನ್ ನನ್ನ ಮುಂದೆಯೇ ಇದೆ. ಈ ಬೆಳಿಗ್ಗೆ ಮೂವರು ಅಬು ಸಾಲಿಹನಿಗೆ ದೀರ್ಘಾಯುಷ್ಯ ಹಾರೈಸಿದ್ದಾರೆ. ನಜ್ರಾನಿನಿಂದ ಇನ್ನೂ ಏನೂ ಇಲ್ಲ.